ಕೊಟ್ಟವರ ಲೆಕ್ಕ ಬೇರೆ, ತಗೊಂಡವರ ಲೆಕ್ಕ ಬೇರೆ

ಸಮೀಕರಣವನ್ನು ಕಣ್ಣಂದಾಜಿನಲ್ಲಿ ಸರಿದೂಗಿಸುವ ಅಭ್ಯಾಸವನ್ನು ಇನ್ನು ಬಿಡಮ್ಮ. ಹತ್ತನೇ ತರಗತಿಗೆ ಅದು ಸಾಕಿತ್ತು. ಮೆಗ್ನೀಸಿಯಂ ಉರಿದು ಆಕ್ಸೈಡ್ ಆಗುವುದು, ಸತುವಿಗೆ ಆಮ್ಲ ಹಾಕಿದರೆ ಹೈಡ್ರೋಜನ್ ಬರುವುದು, ಇಂಥವಕ್ಕೆ ಅಲ್ಲೊಂದು ಇಲ್ಲೊಂದು 2 ಇಟ್ಟರೆ ಮುಗಿಯುತ್ತಿತ್ತು. ಸಿರುಗುಪ್ಪದ ಶಾಲೆಯಲ್ಲಿದ್ದಾಗ ನೀನು ಅದರಲ್ಲಿ ಗಟ್ಟಿಗಿತ್ತಿಯೇ. ಈಗ ಬಳ್ಳಾರಿಗೆ ಬಂದು ಪಿಯುಸಿ ಸೈನ್ಸ್ ಸೇರಿದ್ದೀಯ, ಡೈಕ್ರೋಮೇಟು ಪರ್ಮಾಂಗನೇಟುಗಳು ಎದುರಾಗಿವೆ. ನಿನ್ನ ನೋಟ್‌ಬುಕ್ಕಿನಲ್ಲಿ ಒಂದು ಸಮೀಕರಣ ಹೀಗಿತ್ತು (ಪುಸ್ತಕದಲ್ಲಿ ಸಂಕೇತಗಳಿರುತ್ತವೆ, ನಾನು ಹೆಸರು ಹಿಡಿದೇ ಬರೆಯುತ್ತೇನೆ, ಆವರಣದಲ್ಲಿರುವುದು ಆವೇಶ):

ಡೈಕ್ರೋಮೇಟ್ (2−) + 14 ಹೈಡ್ರೋಜನ್ (1+) + ಕಬ್ಬಿಣ (2+) → 2 ಕ್ರೋಮಿಯಂ (3+) + 7 ನೀರು + ಕಬ್ಬಿಣ (3+)

ಪರಮಾಣುಗಳನ್ನು ಎಣಿಸಿ ನೋಡು. ಕ್ರೋಮಿಯಂ ಎರಡೂ ಕಡೆ ಎರಡು, ಆಮ್ಲಜನಕ ಏಳು, ಹೈಡ್ರೋಜನ್ ಹದಿನಾಲ್ಕು, ಕಬ್ಬಿಣ ಒಂದು. ಎಲ್ಲಾ ಸರಿ. ಆದರೂ ಲೆಕ್ಚರರ್ ಕೆಂಪು ಗೆರೆ ಎಳೆದಿದ್ದಾರೆ, ನೀನು ‘ಯಾಕೆ ತಪ್ಪು ತಾತ?’ ಅಂತ ಕೇಳಿದ್ದೀಯ. ಆವೇಶ ಕೂಡು. ಎಡಗಡೆ −2, +14, +2 ಸೇರಿ +14. ಬಲಗಡೆ +6, +3 ಸೇರಿ +9. ಐದು ಎಲ್ಲಿ ಹೋಯಿತು? ಎಲೆಕ್ಟ್ರಾನ್ ಲೆಕ್ಕ ಬರೆಯದೆ ಇದ್ದದ್ದರಿಂದ ಹೋಯಿತು. ಈ ಐದನ್ನು ಹುಡುಕುವುದಕ್ಕೆ ಅಂಕಿ ಬದಲಿಸಿ ಬದಲಿಸಿ ರಬ್ಬರ್ ಸವೆಸಬೇಕಾಗಿಲ್ಲ. ಸಮೀಕರಣವನ್ನು ಎರಡು ಹೋಳು ಮಾಡಿದರೆ ತಾನಾಗಿ ಸಿಗುತ್ತದೆ.

ನಿಮ್ಮಪ್ಪ ಭತ್ತ ಮಾರಿ ಮಂಡಿಯಿಂದ ಪಟ್ಟಿ ತರುತ್ತಾನಲ್ಲ, ಅದರ ಹಾಗೆ: ವ್ಯಾಪಾರಿ ಕೊಟ್ಟ ಹಣ ಅವನ ಪುಸ್ತಕದಲ್ಲಿ ಖರ್ಚು, ನಿಮ್ಮ ಮನೆಯಲ್ಲಿ ಜಮಾ, ಎರಡೂ ಮೊತ್ತ ಒಂದೇ ಇರಬೇಕು. ಉತ್ಕರ್ಷಣ ಅಂದರೆ ಎಲೆಕ್ಟ್ರಾನ್ ಕೊಡುವವರ ಲೆಕ್ಕ, ಅಪಕರ್ಷಣ ಅಂದರೆ ತಗೊಳ್ಳುವವರ ಲೆಕ್ಕ. ಒಂದೊಂದನ್ನೂ ಬೇರೆ ಸಾಲಿನಲ್ಲಿ ಬರೆದರೆ ಅದೇ ಅರ್ಧ ಸಮೀಕರಣ.

ಮೊದಲು ಕೊಡುವವರು. ಇಲ್ಲಿ ಕಬ್ಬಿಣ ಕೊಡುತ್ತದೆ, ಅದರ ಲೆಕ್ಕ ಸುಲಭ:

ಕಬ್ಬಿಣ (2+) → ಕಬ್ಬಿಣ (3+) + 1 ಎಲೆಕ್ಟ್ರಾನ್

ಇನ್ನು ತಗೊಳ್ಳುವವರು. ಇಲ್ಲಿ ಒಂದು ಕ್ರಮವಿದೆ, ಅದನ್ನು ಹಿಂದುಮುಂದು ಮಾಡಬೇಡ. ಡೈಕ್ರೋಮೇಟಿನಲ್ಲಿ ಕ್ರೋಮಿಯಂ ಎರಡಿವೆ, ಆದ್ದರಿಂದ ಮೊಟ್ಟಮೊದಲು ಬಲಗಡೆ 2 ಕ್ರೋಮಿಯಂ ಬರೆ. ಆಮೇಲೆ ಆಮ್ಲಜನಕ ನೋಡು. ಎಡಗಡೆ ಏಳಿವೆ, ಬಲಗಡೆ ಇಲ್ಲ. ಅವನ್ನು ನೀರಿನ ರೂಪದಲ್ಲಿ ತೋರಿಸು, 7 ನೀರು. ಈಗ ನೀರಿನ ಜೊತೆ 14 ಹೈಡ್ರೋಜನ್ ಬಲಗಡೆ ಬಂದವು, ಅಷ್ಟನ್ನು ಹೈಡ್ರೋಜನ್ ಅಯಾನಿನ ರೂಪದಲ್ಲಿ ಎಡಗಡೆ ಹಾಕು. ಕೊನೆಗೆ ಆವೇಶ. ಎಡಗಡೆ −2 ಮತ್ತು +14 ಸೇರಿ +12, ಬಲಗಡೆ +6. ಹೆಚ್ಚಿರುವ ಕಡೆಗೆ, ಅಂದರೆ ಎಡಕ್ಕೆ, 6 ಎಲೆಕ್ಟ್ರಾನ್ ಹಾಕಿದರೆ ಎರಡೂ +6:

ಡೈಕ್ರೋಮೇಟ್ (2−) + 14 ಹೈಡ್ರೋಜನ್ (1+) + 6 ಎಲೆಕ್ಟ್ರಾನ್ → 2 ಕ್ರೋಮಿಯಂ (3+) + 7 ನೀರು

ನೀರನ್ನೂ ಹೈಡ್ರೋಜನ್ ಅಯಾನನ್ನೂ ಬೇಕೆಂದ ಕಡೆ ಸೇರಿಸುವ ಅಧಿಕಾರ ನಮಗೆ ಯಾರು ಕೊಟ್ಟರು ಅಂತ ನಿನಗೆ ಅನ್ನಿಸಬೇಕು. ಅನ್ನಿಸದಿದ್ದರೆ ನೀನು ಬಾಯಿಪಾಠ ಮಾಡುತ್ತಿದ್ದೀಯ ಅಂತ ಅರ್ಥ. ಕಾರಣ ಇಷ್ಟೇ: ಕ್ರಿಯೆ ನಡೆಯುವುದು ಆಮ್ಲ ಬೆರೆತ ನೀರಿನಲ್ಲಿ. ಫ್ಲಾಸ್ಕಿನೊಳಗೆ ಇವೆರಡೂ ಧಾರಾಳವಾಗಿ ಇವೆ, ಬೇಕಾದಷ್ಟು ಬಳಕೆಯಾಗುತ್ತವೆ. ಇಲ್ಲದ ವಸ್ತುವನ್ನು ನಾವು ತಂದು ತುಂಬುತ್ತಿಲ್ಲ.

ಇನ್ನು ಎರಡನ್ನೂ ಕೂಡಿಸುವುದು. ಡೈಕ್ರೋಮೇಟಿಗೆ 6 ಎಲೆಕ್ಟ್ರಾನ್ ಬೇಕು, ಒಂದು ಕಬ್ಬಿಣ ಕೊಡುವುದು 1. ಆದ್ದರಿಂದ ಕಬ್ಬಿಣದ ಸಾಲನ್ನು 6ರಿಂದ ಗುಣಿಸಿ ಕೂಡು. ಎಲೆಕ್ಟ್ರಾನುಗಳು ಎರಡೂ ಕಡೆ ಹೊಡೆದುಹೋಗುತ್ತವೆ:

ಡೈಕ್ರೋಮೇಟ್ (2−) + 14 ಹೈಡ್ರೋಜನ್ (1+) + 6 ಕಬ್ಬಿಣ (2+) → 2 ಕ್ರೋಮಿಯಂ (3+) + 7 ನೀರು + 6 ಕಬ್ಬಿಣ (3+)

ಎಡಗಡೆ +24, ಬಲಗಡೆ +24. ನೀನು ಕಬ್ಬಿಣದ ಮುಂದೆ ಏನೂ ಬರೆಯದೆ ಬಿಟ್ಟಿದ್ದೆ. ಅಲ್ಲಿ ಆರು ಇರಬೇಕಿತ್ತು.

ಆರನ್ನೇ ಇಷ್ಟು ಹಿಡಿದು ಎಳೆಯುತ್ತಿರುವುದಕ್ಕೆ ಕಾರಣವಿದೆ. ನಾನು ಅದಿರಿನ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಸಂಡೂರಿನ ಗುಡ್ಡಗಳಿಂದ ಇಳಿದ ಲಾರಿ ಲೋಡುಗಳ ಅದಿರಿನಲ್ಲಿ ಕಬ್ಬಿಣ ಶೇಕಡಾ ಎಷ್ಟು ಅನ್ನುವುದನ್ನು ಈ ಸಮೀಕರಣವನ್ನು ನಂಬಿಯೇ ಹೇಳುತ್ತಿದ್ದೆವು. ಲೆಕ್ಕ ಹೇಗೆ ನೋಡು. 4.903 ಗ್ರಾಂ ಪೊಟ್ಯಾಸಿಯಂ ಡೈಕ್ರೋಮೇಟನ್ನು ನೀರಿನಲ್ಲಿ ಕರಗಿಸಿ ಒಂದು ಲೀಟರ್ ದ್ರಾವಣ ಮಾಡುತ್ತೇವೆ. ಆರಕ್ಕೆ ಒಂದು ಅನ್ನುವ ಲೆಕ್ಕದಂತೆ ಅದರ ಒಂದೊಂದು ಮಿ.ಲೀ. 5.585 ಮಿಲಿಗ್ರಾಂ ಕಬ್ಬಿಣಕ್ಕೆ ಸರಿಹೊಂದುತ್ತದೆ. 0.4 ಗ್ರಾಂ ಅದಿರು ತೂಗಿ ಕರಗಿಸಿ ಟೈಟ್ರೇಷನ್ ಮಾಡಿದಾಗ ಬ್ಯೂರೆಟ್ 44.4 ಮಿ.ಲೀ. ತೋರಿಸಿತು ಅನ್ನು. ಗುಣಿಸಿದರೆ 248 ಮಿಲಿಗ್ರಾಂ ಕಬ್ಬಿಣ, 400 ಮಿಲಿಗ್ರಾಂ ಅದಿರಿಗೆ ಶೇಕಡಾ 62.

ಈಗ ಒಬ್ಬ ಹುಡುಗ ಡೈಕ್ರೋಮೇಟಿನಲ್ಲಿ ಕ್ರೋಮಿಯಂ ಎರಡಿವೆ ಅನ್ನುವುದನ್ನು ಮರೆತ. ಒಂದು ಕ್ರೋಮಿಯಂ +6ರಿಂದ +3ಕ್ಕೆ ಇಳಿಯುತ್ತದೆ, ಮೂರು ಎಲೆಕ್ಟ್ರಾನ್, ಅಲ್ಲಿಗೆ ಮುಗಿಯಿತು ಅಂತ ಆರರ ಜಾಗದಲ್ಲಿ ಮೂರು ಬರೆದ. ಅವನ ಲೆಕ್ಕದಲ್ಲಿ ಅದೇ ಅದಿರು ಶೇಕಡಾ 31. ಒಳ್ಳೆ ಅದಿರು ಕಾಗದದ ಮೇಲೆ ಕೆಮ್ಮಣ್ಣಾಯಿತು! ಪರೀಕ್ಷೆಯಲ್ಲಿ ಹೆಚ್ಚು ಮಕ್ಕಳು ಎಡವುವುದು ಇಲ್ಲೇ. ಅದಕ್ಕೇ ಹೇಳಿದ್ದು, ಆಮ್ಲಜನಕಕ್ಕೂ ಹೈಡ್ರೋಜನ್ನಿಗೂ ಮುಂಚೆ ಮುಖ್ಯ ಧಾತುವಿನ ಪರಮಾಣುಗಳನ್ನು ಸಮ ಮಾಡಿಕೋ ಅಂತ.

ಇಂಡಿಯನ್ ಬ್ಯೂರೋ ಆಫ್ ಮೈನ್ಸ್‌ನವರು ಅದಿರಿನ ಬೆಲೆ ಪ್ರಕಟಿಸುವಾಗ ಶೇಕಡಾ 60ರಿಂದ 62 ಒಂದು ದರ್ಜೆ, 62ರಿಂದ 65 ಇನ್ನೊಂದು ದರ್ಜೆ ಅಂತ ವಿಂಗಡಿಸುತ್ತಾರೆ. ರಾಜಧನ ಅದರ ಮೇಲೆಯೇ ನಿಂತಿರುತ್ತದೆ. ನಮ್ಮ ಉದಾಹರಣೆಯಲ್ಲಿ ಬ್ಯೂರೆಟ್ಟಿನ ಒಂದು ಸಣ್ಣ ಗೆರೆ, ಅಂದರೆ 0.1 ಮಿ.ಲೀ., ಶೇಕಡಾ 0.14 ಕಬ್ಬಿಣಕ್ಕೆ ಸಮ. ಗಡಿಯ ಮೇಲೆ ನಿಂತ ಅದಿರನ್ನು ಈ ದರ್ಜೆಯಿಂದ ಆ ದರ್ಜೆಗೆ ದಾಟಿಸಲು ಎರಡು ಹನಿ ಸಾಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಅದಕ್ಕೆ ಮುಂಚಿನ ಗಲಾಟೆಯ ವರ್ಷಗಳಲ್ಲಿ ಹೆಚ್ಚಿನವರು ಟನ್ನಿನ ಲೆಕ್ಕವನ್ನೇ ಮಾತಾಡುತ್ತಿದ್ದರು. ಶೇಕಡಾವಾರು ಲೆಕ್ಕದ ಕಡೆ ತಿರುಗಿ ನೋಡಿದವರು ಕಡಿಮೆ. ಅದು ಹೋಗಲಿ ಬಿಡು.

ಒಂದು ತಾಳೆ ನೋಡುವ ಉಪಾಯ ಹೇಳುತ್ತೇನೆ. ಅಪ್ಪಟ ಹೆಮಟೈಟಿನಲ್ಲೇ ಕಬ್ಬಿಣ ಸುಮಾರು ಶೇಕಡಾ 70. ಹೆಮಟೈಟ್ ಅದಿರಿಗೆ ಅದಕ್ಕಿಂತ ಹೆಚ್ಚು ಬಂತು ಅಂದರೆ ಅದಿರಿನ ಹೆಚ್ಚುಗಾರಿಕೆ ಅಲ್ಲ, ಲೆಕ್ಕವೋ ಕೈಯೋ ತಪ್ಪಿದೆ. ಯಾವ ಉತ್ತರ ಬಂದರೂ ಹೀಗೆ ಆಗಲು ಸಾಧ್ಯವೇ ಅಂತ ಒಮ್ಮೆ ಕೇಳಿಕೋ.

ಲ್ಯಾಬಿನ ಕೆಲಸ ಪೂರ್ತಿ ಹೇಳಿದರೆ ಅರ್ಧ ಸಮೀಕರಣ ನಿನಗೆ ಇನ್ನೂ ಚೆನ್ನಾಗಿ ಹಿಡಿಸುತ್ತದೆ. ಅದಿರನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದಾಗ ಕಬ್ಬಿಣ (3+) ರೂಪದಲ್ಲಿರುತ್ತದೆ, ದ್ರಾವಣ ಹಳದಿ. ಅದು ಆಗಲೇ ಎಲೆಕ್ಟ್ರಾನ್ ಕಳಕೊಂಡು ಕೂತಿದೆ, ಡೈಕ್ರೋಮೇಟಿಗೆ ಕೊಡಲು ಅದರ ಬಳಿ ಏನೂ ಇಲ್ಲ. ಆದ್ದರಿಂದ ಮೊದಲು ಅದಕ್ಕೇ ಕೊಡಬೇಕು. ಬಿಸಿ ದ್ರಾವಣಕ್ಕೆ ಸ್ಟ್ಯಾನಸ್ ಕ್ಲೋರೈಡನ್ನು ಹನಿಹನಿಯಾಗಿ ಬಿಡುತ್ತೇವೆ. ತವರ (2+) ಎರಡು ಎಲೆಕ್ಟ್ರಾನ್ ಕೊಟ್ಟು ತವರ (4+) ಆಗುತ್ತದೆ, ಎರಡು ಕಬ್ಬಿಣ (3+) ತಲಾ ಒಂದೊಂದು ತಗೊಂಡು (2+) ಆಗುತ್ತವೆ. ಹಳದಿ ಮಾಯವಾದ ಕೂಡಲೇ ಕೈ ತಡೆಯಬೇಕು. ಹೆಚ್ಚಾಗಿ ಉಳಿದ ತವರ ಆಮೇಲೆ ಡೈಕ್ರೋಮೇಟಿಗೂ ಎಲೆಕ್ಟ್ರಾನ್ ಕೊಡುತ್ತದೆ, ಕೊಟ್ಟದ್ದು ಕಬ್ಬಿಣವೋ ತವರವೋ ಬ್ಯೂರೆಟ್ಟಿಗೆ ಗೊತ್ತಾಗುವುದಿಲ್ಲ, ಅದಿರಿನ ದರ್ಜೆ ಸುಳ್ಳೇ ಏರುತ್ತದೆ. ಆ ಉಳಿಕೆಯನ್ನು ಮುಗಿಸಲು ಹಳೆಯ ವಿಧಾನದಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಹಾಕುತ್ತಿದ್ದೆವು, ರೇಷ್ಮೆಯಂಥ ಬಿಳಿ ಒತ್ತರ ಬರುತ್ತಿತ್ತು. ಬಿಳಿ ಬದಲು ಬೂದು ಬಣ್ಣ ಬಂದರೆ ತವರ ಮಿತಿಮೀರಿದೆ ಅಂತ ಅರ್ಥ, ಚೆಲ್ಲಿ ಹೊಸದಾಗಿ ಶುರು ಮಾಡಬೇಕು. ಪಾದರಸ ವಿಷವಾದ್ದರಿಂದ ಈಗ ಟೈಟಾನಿಯಂ ಕ್ಲೋರೈಡಿನ ವಿಧಾನವೂ ಬಳಕೆಯಲ್ಲಿದೆ. ಕೊನೆಗೆ ಫಾಸ್ಫಾರಿಕ್ ಆಮ್ಲ ಸೇರಿಸಿ, ಡೈಫಿನೈಲಮೀನ್ ಸಲ್ಫೋನೇಟ್ ಸೂಚಕ ಹಾಕಿ ಡೈಕ್ರೋಮೇಟ್ ಇಳಿಸಿದರೆ, ಹಸಿರು ದ್ರಾವಣ ಒಂದೇ ಹನಿಗೆ ನೇರಳೆಗೆ ತಿರುಗುತ್ತದೆ. (ಡೈಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು. ಪಿಪೆಟ್ಟನ್ನು ಬಾಯಲ್ಲಿ ಎಳೆಯಬೇಡ, ಪಕ್ಕದವರು ಎಳೆದರೂ ತಡೆ.)

ಇಂದು ಎಕ್ಸ್-ರೇ ಯಂತ್ರಗಳು ಕೆಲವೇ ನಿಮಿಷದಲ್ಲಿ ಶೇಕಡಾವಾರು ಹೇಳುತ್ತವೆ. ಆದರೆ ಆ ಯಂತ್ರವನ್ನು ಸರಿಹೊಂದಿಸಲು ಮೊದಲೇ ಕಬ್ಬಿಣ ಎಷ್ಟಿದೆ ಅಂತ ಗೊತ್ತಿರುವ ಅದಿರು ಬೇಕು, ಅದನ್ನು ಹೇಳಲು ಹಿಂದಿನಿಂದ ನಂಬಿದ್ದು ಬ್ಯೂರೆಟ್ಟನ್ನೇ.

ಕಬ್ಬಿಣವನ್ನು ಹೀಗೆ ಅಳೆಯುವುದು ಎಷ್ಟು ಹಳೆಯದು ಗೊತ್ತೇ? ಫ್ರಾನ್ಸಿನ ಮಾರ್ಗರಿತ್ 1846ರಲ್ಲಿ ಪರ್ಮಾಂಗನೇಟಿನಿಂದ ಅಳೆದ, ಗ್ಲಾಸ್ಗೋದ ಫ್ರೆಡರಿಕ್ ಪೆನ್ನಿ 1850ರಲ್ಲಿ ಡೈಕ್ರೋಮೇಟಿನಿಂದ ಅಳೆದ. ಎಲೆಕ್ಟ್ರಾನ್ ಪತ್ತೆಯಾಗಿದ್ದು 1897ರಲ್ಲಿ. ಎಷ್ಟು ಡೈಕ್ರೋಮೇಟಿಗೆ ಎಷ್ಟು ಕಬ್ಬಿಣ ಅನ್ನುವುದನ್ನು ಆ ಮಹಾನುಭಾವರು ತಕ್ಕಡಿ ಹಿಡಿದು ಕಂಡುಕೊಂಡರು, ಅದು ಯಾಕೆ ಆರು ಅನ್ನುವುದಕ್ಕೆ ಉತ್ತರ ಅರ್ಧ ಶತಮಾನ ಕಳೆದು ಬಂತು. ನಿನಗೆ ಉತ್ತರ ಮೊದಲೇ ಕೈಯಲ್ಲಿದೆ, ಅದರ ಬೆಲೆ ತಿಳಿದುಕೋ.

ಮಾರ್ಗರಿತ್ ಹೇಳಿದ ಪರ್ಮಾಂಗನೇಟನ್ನು ಬಿಟ್ಟು ಅದಿರಿನವರು ಡೈಕ್ರೋಮೇಟನ್ನು ಯಾಕೆ ಹಿಡಿದರು? ಇದನ್ನು ವೈವಾದಲ್ಲಿ ಕೇಳುತ್ತಾರೆ. ಅದಿರು ಕರಗಿರುವುದು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಅಲ್ಲಿ ಕ್ಲೋರೈಡ್ ತುಂಬಿದೆ. ಎರಡು ಕ್ಲೋರೈಡುಗಳು ಎರಡು ಎಲೆಕ್ಟ್ರಾನ್ ಕೊಟ್ಟು ಕ್ಲೋರಿನ್ ಆಗಬಲ್ಲವು. ಪರ್ಮಾಂಗನೇಟಿಗೆ ಅದನ್ನು ಕಿತ್ತುಕೊಳ್ಳುವ ಶಕ್ತಿಯಿದೆ. ಹಾಗಾಗಿ ಕಬ್ಬಿಣದ ಜೊತೆ ಕ್ಲೋರೈಡೂ ಲೆಕ್ಕಕ್ಕೆ ಸೇರಿ ರೀಡಿಂಗ್ ಹೆಚ್ಚುತ್ತದೆ. ನಾವು ಟೈಟ್ರೇಷನ್ ಮಾಡುವ ತಣ್ಣನೆಯ, ತೆಳು ಆಮ್ಲದಲ್ಲಿ ಡೈಕ್ರೋಮೇಟ್ ಕ್ಲೋರೈಡಿನ ತಂಟೆಗೆ ಹೋಗುವುದಿಲ್ಲ. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಪರ್ಮಾಂಗನೇಟ್ ಪ್ರಯೋಗಕ್ಕೆ ಸಲ್ಫ್ಯೂರಿಕ್ ಆಮ್ಲವನ್ನೇ ಹಾಕಿ ಅನ್ನುವುದು ಇದಕ್ಕೇ.

ಪರ್ಮಾಂಗನೇಟಿನ ವಿಷಯದಲ್ಲಿ ಒಂದು ಎಚ್ಚರ. ಅದು ಎಷ್ಟು ಎಲೆಕ್ಟ್ರಾನ್ ತಗೊಳ್ಳುತ್ತದೆ ಅನ್ನುವುದು ಸುತ್ತಲಿನ ದ್ರಾವಣ ಎಂಥದ್ದು ಅನ್ನುವುದರ ಮೇಲಿದೆ. ಆಮ್ಲ ಸಾಕಷ್ಟಿದ್ದರೆ ಐದು:

ಪರ್ಮಾಂಗನೇಟ್ (1−) + 8 ಹೈಡ್ರೋಜನ್ (1+) + 5 ಎಲೆಕ್ಟ್ರಾನ್ → ಮ್ಯಾಂಗನೀಸ್ (2+) + 4 ನೀರು

ಆಮ್ಲವಿಲ್ಲದಿದ್ದರೆ ಸಾಮಾನ್ಯವಾಗಿ ಮೂರಕ್ಕೇ ನಿಲ್ಲುತ್ತದೆ, ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಉಳಿಯುತ್ತದೆ. ಈ ಕಂದನ್ನು ನೋಡಲು ನೀನು ಲ್ಯಾಬಿಗೇ ಹೋಗಬೇಕಾಗಿಲ್ಲ. ನಮ್ಮ ಬಳ್ಳಾರಿಯ ಹೆಸರು ಜೀನ್ಸ್‌ನಿಂದಲೂ ದೊಡ್ಡದಾಗಿದೆಯಲ್ಲ. ಪ್ಯಾಂಟಿನ ತೊಡೆ, ಮಂಡಿಯ ಮೇಲೆ ಹಳೆಯದಾದಂತೆ ಕಾಣುವ ಬಿಳುಪು ಬರಿಸಲು ಡೆನಿಮ್ ಕೆಲಸದವರು ಪರ್ಮಾಂಗನೇಟ್ ದ್ರಾವಣವನ್ನು ಸ್ಪ್ರೇ ಮಾಡುತ್ತಾರೆ. ಅದು ನೀಲಿ ಬಣ್ಣದಿಂದ ಎಲೆಕ್ಟ್ರಾನ್ ಕಿತ್ತು ಬಣ್ಣ ಕೆಡಿಸುತ್ತದೆ, ತಾನು ಕಂದು ಕಲೆಯಾಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್ ನೀರಿನಲ್ಲಿ ಅದ್ದಿದರೆ ಕಂದು ಹೋಗಿ ಬಿಳುಪು ತೋರುತ್ತದೆ. ಮೆಟಾಬೈಸಲ್ಫೈಟಿನಿಂದ ನೀರಿನಲ್ಲಿ ಆಗುವ ಬೈಸಲ್ಫೈಟ್ ಕೊಡುತ್ತದೆ, ಡೈಆಕ್ಸೈಡ್ ತಗೊಳ್ಳುತ್ತದೆ:

ಬೈಸಲ್ಫೈಟ್ (1−) + ನೀರು → ಸಲ್ಫೇಟ್ (2−) + 3 ಹೈಡ್ರೋಜನ್ (1+) + 2 ಎಲೆಕ್ಟ್ರಾನ್

ಮ್ಯಾಂಗನೀಸ್ ಡೈಆಕ್ಸೈಡ್ + 4 ಹೈಡ್ರೋಜನ್ (1+) + 2 ಎಲೆಕ್ಟ್ರಾನ್ → ಮ್ಯಾಂಗನೀಸ್ (2+) + 2 ನೀರು

ಎರಡಕ್ಕೆ ಎರಡು, ಗುಣಿಸುವ ಗೋಜೇ ಇಲ್ಲ. ಕೂಡಿಸಿ, ಎರಡೂ ಕಡೆ ಇರುವ ನೀರನ್ನೂ ಹೈಡ್ರೋಜನ್ ಅಯಾನನ್ನೂ ಕಳೆದುಬಿಡು. ಕಳೆಯುವುದನ್ನು ಮರೆತು ಹಾಗೇ ಬಿಟ್ಟು ಬರುವವರಿಗೆ ಅರ್ಧ ಅಂಕ ಹೋಗುತ್ತದೆ. ಅಂದಹಾಗೆ ಈ ಮ್ಯಾಂಗನೀಸೂ ನಮಗೆ ದೂರದ್ದಲ್ಲ. ಸಂಡೂರಿನ ರಾಜಮನೆತನದವರು 1954ರಲ್ಲಿ ಕಂಪನಿ ಕಟ್ಟಿ ತೆಗೆಯಲು ಹೊರಟಿದ್ದರಲ್ಲಿ ಕಬ್ಬಿಣಕ್ಕಿಂತ ಮೊದಲ ಹೆಸರು ಅದರದ್ದೇ.

ಪ್ರತ್ಯಾಮ್ಲದ ಮಾಧ್ಯಮ ಅಂತ ಪ್ರಶ್ನೆಯಲ್ಲಿ ಬಂದರೆ ಹೆದರಬೇಡ. ಮೊದಲು ಆಮ್ಲ ಇದೆ ಅಂತಲೇ ಸರಿದೂಗಿಸು. ಆಮೇಲೆ ಎಷ್ಟು ಹೈಡ್ರೋಜನ್ ಅಯಾನು ಇವೆಯೋ ಅಷ್ಟೇ ಹೈಡ್ರಾಕ್ಸೈಡ್ ಅಯಾನುಗಳನ್ನು ಎರಡೂ ಕಡೆ ಸೇರಿಸು. ಒಂದು ಕಡೆ ಇಬ್ಬರೂ ಕೂಡಿ ನೀರಾಗುತ್ತಾರೆ, ಹೆಚ್ಚಾದ ನೀರು ಕಳೆ. ಪರ್ಮಾಂಗನೇಟಿನ ಮೂರು ಎಲೆಕ್ಟ್ರಾನಿನ ಸಾಲನ್ನು ಹೀಗೇ ಮಾಡಿ ನೋಡು, ಎಡಕ್ಕೆ 2 ನೀರು, ಬಲಕ್ಕೆ 4 ಹೈಡ್ರಾಕ್ಸೈಡ್ ಉಳಿಯಬೇಕು.

ಹಾಗಂತ ಎಲ್ಲಾ ಕಡೆಗೂ ಈ ವಿಧಾನವನ್ನೇ ಎಳೆದುಕೊಂಡು ಹೋಗಬೇಡ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಆಕ್ಸೈಡಿನಿಂದ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ: ಒಂದು ಆಕ್ಸೈಡಿಗೆ ಮೂರು ಮೊನಾಕ್ಸೈಡ್, ಎರಡು ಕಬ್ಬಿಣ, ಮೂರು ಡೈಆಕ್ಸೈಡ್. ಅರ್ಧ ಸಮೀಕರಣ ಬರೆದರೂ ಉತ್ತರ ಬರುತ್ತದೆ, ಆದರೆ ಆ ಕೆಂಡದ ಕುಲುಮೆಯಲ್ಲಿ ಎಲ್ಲಿಯ ಹೈಡ್ರೋಜನ್ ಅಯಾನು, ಎಲ್ಲಿಯ ದ್ರಾವಣ? ಅಂಥ ಕಡೆ ಉತ್ಕರ್ಷಣ ಸಂಖ್ಯೆಯ ವಿಧಾನವೇ ಲೇಸು. ಸಿಇಟಿಯಲ್ಲೂ ಅಷ್ಟೆ, ಅರ್ಧ ಸಮೀಕರಣ ಪೂರ್ತಿ ಬರೆಯಲು ಪುರುಸೊತ್ತಿರುವುದಿಲ್ಲ. ಸಂಖ್ಯೆ ಎಷ್ಟು ಇಳಿಯಿತು, ಎಷ್ಟು ಏರಿತು ನೋಡಿ ಗುರುತು ಹಾಕು. ಆದರೆ ಮೊದಲು ಉದ್ದದ ದಾರಿಯಲ್ಲಿ ನಡೆದು ಅಭ್ಯಾಸವಾದ ಮೇಲೆ ಮಾತ್ರ.

ರಜೆಗೆ ಊರಿಗೆ ಹೋದಾಗ ನೀರು ಕಟ್ಟಿದ ಗದ್ದೆಯಿಂದ ಒಂದು ಭತ್ತದ ಪೈರು ಕಿತ್ತು ಬೇರು ತೊಳೆದು ನೋಡು. ಬೇರಿನ ಮೇಲೆ ತುಕ್ಕಿನ ಬಣ್ಣದ ತೆಳು ಪೊರೆ ಕಾಣಬಹುದು. ನೀರು ನಿಂತ ಮಣ್ಣಿಗೆ ಗಾಳಿ ಇಳಿಯುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆತ ಎಲೆ, ಕೂಳೆಯನ್ನು ತಿಂದು ಬಿಡುವ ಎಲೆಕ್ಟ್ರಾನನ್ನು ತಗೊಳ್ಳಲು ಆಮ್ಲಜನಕ ಸಿಗದೆ, ಮಣ್ಣಿನ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣಗಳ ಕಡೆ ತಿರುಗುತ್ತವೆ, ಹೆಚ್ಚುಕಡಿಮೆ ಅದೇ ಸರದಿಯಲ್ಲಿ. ಕಬ್ಬಿಣ (3+) ಒಂದು ಎಲೆಕ್ಟ್ರಾನ್ ತಗೊಂಡು (2+) ಆಗಿ ನೀರಿನಲ್ಲಿ ಕರಗುತ್ತದೆ. ಭತ್ತದ ಬೇರು ಮೇಲಿನಿಂದ ತಂದ ಆಮ್ಲಜನಕವನ್ನು ಸುತ್ತ ಸ್ವಲ್ಪ ಸೋರಿಸುತ್ತದೆ, ಅಲ್ಲಿಗೆ ಬಂದ ಕಬ್ಬಿಣ ಅದೇ ಎಲೆಕ್ಟ್ರಾನನ್ನು ಮರಳಿ ಕೊಟ್ಟು ತುಕ್ಕಾಗಿ ಅಂಟಿಕೊಳ್ಳುತ್ತದೆ. ನಾನು ಲ್ಯಾಬಿನಲ್ಲಿ ಸ್ಟ್ಯಾನಸ್ ಕ್ಲೋರೈಡೂ ಡೈಕ್ರೋಮೇಟೂ ಹಿಡಿದು ಮಾಡುತ್ತಿದ್ದ ಎರಡೂ ಕೆಲಸ ನಿಮ್ಮ ಗದ್ದೆಯಲ್ಲಿ ಬಿಟ್ಟಿ ನಡೆಯುತ್ತಿರುತ್ತವೆ.

ಇನ್ನು ಪರೀಕ್ಷೆಯ ಮಾತು. ಪೂರ್ತಿ ಸಮೀಕರಣಗಳನ್ನು ಬಾಯಿಪಾಠ ಮಾಡಬೇಡ, ಗೈಡಿನಲ್ಲಿ ನೂರಾರಿವೆ, ಮುಗಿಯುವುದಿಲ್ಲ. ಡೈಕ್ರೋಮೇಟ್, ಆಮ್ಲದಲ್ಲಿನ ಪರ್ಮಾಂಗನೇಟ್, ಆಕ್ಸಲೇಟ್, ಕಬ್ಬಿಣ, ಅಯೋಡಿನ್, ಇಷ್ಟರ ಅರ್ಧ ಸಾಲುಗಳು ಕೈಗೆ ಬಂದಿರಲಿ. ಉಳಿದದ್ದನ್ನು ಅಲ್ಲೇ ಕಟ್ಟಬಹುದು. ಆಕ್ಸಲೇಟ್ (2−) ಎರಡು ಎಲೆಕ್ಟ್ರಾನ್ ಕೊಟ್ಟು ಎರಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ ಅಂತ ಗೊತ್ತಿದ್ದರೆ, ಐದಕ್ಕೂ ಎರಡಕ್ಕೂ ಹೊಂದುವ ಹತ್ತು ಎಲೆಕ್ಟ್ರಾನಿನ ಲೆಕ್ಕದಲ್ಲಿ 2 ಪರ್ಮಾಂಗನೇಟಿಗೆ 5 ಆಕ್ಸಲೇಟ್ ಅನ್ನುವುದು ತಾನೇ ಬರುತ್ತದೆ. ಆ ಪ್ರಯೋಗ ಮಾಡುವಾಗ ಆಕ್ಸಾಲಿಕ್ ಆಮ್ಲವನ್ನು ಬಿಸಿ ಮಾಡಿಕೋ. ಮೊದಲ ಹನಿಗಳ ಗುಲಾಬಿ ಬಣ್ಣ ಹೋಗಲು ತಡವಾಗುತ್ತದೆ, ಮುಗಿಯಿತು ಅಂದುಕೊಂಡು ಬ್ಯೂರೆಟ್ ನಿಲ್ಲಿಸಬೇಡ. ಸ್ವಲ್ಪ ಮ್ಯಾಂಗನೀಸ್ (2+) ಹುಟ್ಟಿದ ಮೇಲೆ ಅದೇ ಕ್ರಿಯೆಯನ್ನು ಚುರುಕು ಮಾಡುತ್ತದೆ.

ಪ್ರತಿ ಉತ್ತರದ ಕೆಳಗೆ ಎಡದ ಆವೇಶ ಇಷ್ಟು, ಬಲದ್ದು ಇಷ್ಟು ಅಂತ ಚಿಕ್ಕದಾಗಿ ಬರೆ. ಪರಮಾಣು ಎಣಿಸುವುದನ್ನು ಎಲ್ಲರೂ ಮಾಡುತ್ತಾರೆ, ಇದನ್ನು ಮಾಡುವವರು ಕಡಿಮೆ.

ಭಾನುವಾರ ಬರುವಾಗ ಒಂದು ಲೆಕ್ಕ ಬಿಡಿಸಿಕೊಂಡು ಬಾ. ತಣ್ಣಗಿನ ಕಾಸ್ಟಿಕ್ ಸೋಡಾ ನೀರಿಗೆ ಕ್ಲೋರಿನ್ ಹಾಯಿಸಿದರೆ ಕ್ಲೋರೈಡೂ ಹೈಪೋಕ್ಲೋರೈಟೂ ಆಗುತ್ತವೆ, ಬಟ್ಟೆಯ ಬ್ಲೀಚ್ ಅದೇ. ಅದನ್ನು ಸರಿದೂಗಿಸು. ಬಿಸಿ ನೀರಾದರೆ ಹೈಪೋಕ್ಲೋರೈಟಿನ ಬದಲು ಕ್ಲೋರೇಟ್ ಬರುತ್ತದೆ, ಅದನ್ನೂ ಮಾಡು. ಕ್ಲೋರಿನ್ ಬಿಟ್ಟು ಬೇರೆ ಯಾರೂ ಎಲೆಕ್ಟ್ರಾನ್ ಕೊಡುವವರಿಲ್ಲ, ತಗೊಳ್ಳುವವರೂ ಇಲ್ಲ. ಎರಡು ಸಾಲಿನಲ್ಲೂ ಎಡಗಡೆ ಕ್ಲೋರಿನ್ನೇ ಬರಬೇಕಾಗುತ್ತದೆ, ಅದಕ್ಕೆ ಗಾಬರಿಯಾಗಬೇಡ. ಗೈಡ್ ಮನೆಯಲ್ಲೇ ಇರಲಿ.